ಮಾಡಿನ ಖರ್ಚು ಅಡಗಿರುವುದು ಹಂಚಿನಡಿ

ಮಲೆನಾಡು, ಕರಾವಳಿಯಲ್ಲಿ ಮಳೆಗಾಲಕ್ಕೆ ಮುಂಚಿನ ಎರಡು ತಿಂಗಳು ಮಾಡಿನ ಕೆಲಸದ ಕಾಲ. ಹಳೆಯ ಹಂಚು ಇಳಿಸಿ ಹೊಸದು ಹೊದೆಸಬೇಕೆಂದವರ ಮೊದಲ ಪ್ರಶ್ನೆ ‘ಚದರಡಿಗೆ ಎಷ್ಟು?’ ಎಂಬುದು. ಉತ್ತರವೂ ತಡವಿಲ್ಲದೆ ಸಿಗುತ್ತದೆ: ಹಂಚಿಗಾದರೆ ಇಷ್ಟು, ಬಣ್ಣದ ಶೀಟಿಗಾದರೆ ಇಷ್ಟು. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಮನೆಮಂದಿ ತೀರ್ಮಾನಕ್ಕೆ ಬರುತ್ತಾರೆ. ಕೆಲಸ ಅರ್ಧಕ್ಕೆ ಬರುವಷ್ಟರಲ್ಲಿ ಅಂದಾಜು ಕೈಮೀರಿರುತ್ತದೆ, ತಪ್ಪೆಲ್ಲ ಮೇಸ್ತ್ರಿಯ ತಲೆಗೆ ಬರುತ್ತದೆ. ಮೇಸ್ತ್ರಿಗಳೆಲ್ಲ ಸಾಚಾ ಎಂದು ವಾದಿಸಬೇಕಿಲ್ಲ. ಆದರೆ ಅಂದಾಜು ತಪ್ಪುವುದಕ್ಕೆ ಮೋಸಕ್ಕಿಂತ ದೊಡ್ಡ ಕಾರಣ ಆ ಪ್ರಶ್ನೆಯೇ. ಮಾಡಿನ ಖರ್ಚನ್ನು ನಿರ್ಧರಿಸುವುದು ಮೇಲಿನ ಹೊದಿಕೆಗಿಂತ ಹೆಚ್ಚಾಗಿ ಅದರ ಕೆಳಗಿನ ಮರ, ಇಳಿಜಾರು ಮತ್ತು ಕೆಲಸದ ಹೊತ್ತು. ಚದರಡಿ ದರ ಈ ಮೂರನ್ನೂ ಮುಚ್ಚಿಡುತ್ತದೆ.

ಮೊದಲಿಗೆ ಚದರಡಿಯನ್ನೇ ನೋಡೋಣ. 25 ಅಡಿ ಅಗಲ, 40 ಅಡಿ ಉದ್ದದ ಮನೆಯೆಂದರೆ ನೆಲದ ಲೆಕ್ಕದಲ್ಲಿ 1,000 ಚದರಡಿ. ಗೋಡೆಗೆ ಇರಚಲು ಹೊಡೆಯದಿರಲಿ ಎಂದು ಸುತ್ತಲೂ ಮೂರಡಿ ಸೂರು ಚಾಚಿದರೆ ಮಾಡು ಆವರಿಸುವ ಜಾಗ 1,426 ಚದರಡಿ ಆಗುತ್ತದೆ. ಅದು 30 ಡಿಗ್ರಿ ಇಳಿಜಾರಿನದಾದರೆ ಹೊದೆಸಬೇಕಾದ ಮೈ ಸುಮಾರು 1,650 ಚದರಡಿ. 45 ಡಿಗ್ರಿಯಾದರೆ 2,000 ದಾಟುತ್ತದೆ. ವರ್ಷಕ್ಕೆ 7,000 ಮಿ.ಮೀ.ಗೂ ಮೀರಿ ಮಳೆ ಸುರಿಯುವ ಆಗುಂಬೆಯಂಥ ಕಡೆ ಇಳಿಜಾರು ಕಡಿಮೆ ಮಾಡಿ ಹಣ ಉಳಿಸುವಂತಿಲ್ಲ, ಹಂಚಿನ ಸಂದಿಯಿಂದ ನೀರು ಹಿಂದಕ್ಕೇರಿ ಒಳಗಿಳಿಯುತ್ತದೆ. ತೊಟ್ಟಿಮನೆಯಾದರೆ ಎರಡು ಮಾಡು ಕೂಡುವ ಒಳಮೂಲೆಗಳು ನಾಲ್ಕಿರುತ್ತವೆ. ಅಲ್ಲಿ ಹಂಚನ್ನು ಓರೆಯಾಗಿ ಕತ್ತರಿಸಬೇಕು, ಅಡಿಗೆ ತಗಡು ಹಾಸಬೇಕು, ಸೋರಿದರೆ ಮತ್ತೆ ಹತ್ತಬೇಕು. ಅಳತೆಯಲ್ಲಿ ಅದು ಚಿಕ್ಕ ಜಾಗ, ಕೂಲಿಯಲ್ಲಿ ದೊಡ್ಡದು.

ಇನ್ನು ಮರ. ಮಂಗಳೂರು ಹಂಚು ಚದರ ಮೀಟರಿಗೆ ಸುಮಾರು 15 ಹಿಡಿಯುತ್ತದೆ, ಒಂದೊಂದು ಎರಡೂವರೆ ಕಿಲೋದ ಆಸುಪಾಸು ತೂಗುತ್ತದೆ. ಮೇಲೆ ಹೇಳಿದ 1,650 ಚದರಡಿಗೆ 2,300ರಷ್ಟು ಹಂಚು ಬೇಕು, ಭಾರ ಐದೂವರೆ ಟನ್ನಿಗೂ ಹೆಚ್ಚು. ಮಳೆನೀರು ಕುಡಿದ ಮೇಲೆ ಇನ್ನಷ್ಟು. ಇದನ್ನು ಹೊರುವುದು ತೊಲೆ, ಪಕ್ಕಾಸು, ರೀಪು. ಸೂರಿನ ಕಡೆಯ ಪಕ್ಕಾಸಿನ ತುದಿ ಎಲ್ಲಕ್ಕಿಂತ ಮೊದಲು ನೆನೆಯುತ್ತದೆ, ಮೊದಲು ಕುಂಬಾಗುತ್ತದೆ. ಗೆದ್ದಲು ಗೋಡೆಯೊಳಗಿನಿಂದ ತೊಲೆಯ ತಲೆಗೆ ಏರುತ್ತದೆ. ಇದ್ಯಾವುದೂ ಕೆಳಗೆ ನಿಂತವರಿಗೆ ಕಾಣುವುದಿಲ್ಲ. ಹಂಚು ಇಳಿಸಿದ ಮೇಲೆಯೇ ಎಷ್ಟು ಪಕ್ಕಾಸು ಉಳಿಯುತ್ತದೆ, ಎಷ್ಟು ಹೋಗುತ್ತದೆ ಎಂದು ಗೊತ್ತಾಗುವುದು. ಹಾಗಾಗಿ ಇಡೀ ಮಾಡಿಗೆ ಒಂದೇ ಉಂಡೆ ದರ ಹೇಳುವವನು ಒಂದೋ ಊಹಿಸುತ್ತಿದ್ದಾನೆ, ಇಲ್ಲವೇ ಕೆಟ್ಟ ಮರವನ್ನು ಹಾಗೆಯೇ ಬಿಡುವ ಲೆಕ್ಕ ಹಾಕಿದ್ದಾನೆ. ಇಳಿಸುವ ಕೂಲಿ ಬೇರೆ, ಬದಲಿಸಿದ ಮರಕ್ಕೆ ಘನ ಅಡಿ (ಸಿಎಫ್‌ಟಿ) ಲೆಕ್ಕ ಬೇರೆ, ಹೊದೆಸುವುದು ಬೇರೆ ಎಂದು ಮೂರು ಪಾಲು ಮಾಡಿ ಕೇಳುವವರಿಗೆ ಖರ್ಚು ಕಡಿಮೆಯಾಗದಿರಬಹುದು, ಅದು ಎಲ್ಲಿ ಬೆಳೆಯಿತು ಎಂಬುದಂತೂ ತಿಳಿಯುತ್ತದೆ.

ಪೂರ್ತಿ ಬದಲಿಸುವ ಅಗತ್ಯವೇ ಹಲವು ಸಲ ಹಂಚು ಹಳತಾಯಿತೆಂದು ಬರುವುದಲ್ಲ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯಲ್ಲಿ ಕಾರ್ಖಾನೆಗಳ ಸಾಲೇ ಎದ್ದಿತು. ಒಂದರ ಹಲ್ಲು ಇನ್ನೊಂದಕ್ಕೆ ಕಚ್ಚಿಕೊಳ್ಳುವಂತೆ ಮಾಡಿದ್ದೇ ಈ ಹಂಚಿನ ಜಾಣತನ. ಆದರೆ ಅಚ್ಚು ಕಾರ್ಖಾನೆಯಿಂದ ಕಾರ್ಖಾನೆಗೆ ಕೂದಲೆಳೆಯಷ್ಟು ಬೇರೆ; ಒಂದರ ಹಂಚಿನ ಪಕ್ಕ ಇನ್ನೊಂದರ ಹಂಚು ನೆಟ್ಟಗೆ ಕೂರುವುದಿಲ್ಲ. ಜೇಡಿಮಣ್ಣು, ಸೌದೆ, ಆಳು ಮೂರೂ ದುಬಾರಿಯಾಗಿ ಆ ಕಾರ್ಖಾನೆಗಳಲ್ಲಿ ಬಹುಪಾಲು ಮುಚ್ಚಿವೆ. ಮಂಗಗಳು ಕುಣಿದು ಇನ್ನೂರು ಹಂಚು ಒಡೆದರೆ ಅದೇ ಅಚ್ಚಿನದು ಸಿಗದೆ ಎರಡು ಸಾವಿರ ಇಳಿಸುವ ಪಾಡು ಬರುವುದು ಹೀಗೆ. ಹಿತ್ತಿಲಲ್ಲಿ ನೂರಿನ್ನೂರು ಹಂಚು ಒಟ್ಟಿಟ್ಟುಕೊಂಡ ಹಳಬರ ಅಭ್ಯಾಸ ಜಿಪುಣತನವೆಂದು ನಗುವವರು ಈ ಲೆಕ್ಕವನ್ನೊಮ್ಮೆ ಹಾಕಬೇಕು.

ಇಷ್ಟೆಲ್ಲ ರಗಳೆ ಏಕೆ, ಶೀಟು ಹೊದೆಸಿದರಾಯಿತಲ್ಲ ಎಂಬ ಮಾತಿಗೆ ಬಲವಿದೆ. ಅರ್ಧ ಮಿ.ಮೀ. ದಪ್ಪದ ಉಕ್ಕಿನ ಶೀಟು ಇದೇ ಮಾಡಿಗೆ ಒಂದು ಟನ್ನಿಗಿಂತ ಕಡಿಮೆ ಭಾರ. ಮರ ಕಡಿಮೆ ಸಾಕು, ಪ್ರತಿವರ್ಷ ಹಂಚು ಕೈಯಾಡಿಸಲು ಆಳು ಹುಡುಕಬೇಕಿಲ್ಲ, ಮಂಗನ ಭಯವಿಲ್ಲ. ಮರವೆಲ್ಲ ಹೋಗಿರುವ ಮನೆಗೆ ಕಬ್ಬಿಣದ ಪೈಪು, ಶೀಟು ಹಾಕುವುದೇ ವಿವೇಕ. ಆದರೆ ಹಂಚು ಗಾಳಿಗೆ ಏಳದಂತೆ ಹಿಡಿಯುತ್ತಿದ್ದುದು ಅದರ ಭಾರವೇ. ಹಗುರ ಶೀಟಿಗೆ ಆ ಕೆಲಸವನ್ನು ಸ್ಕ್ರೂ, ಬೋಲ್ಟು ಮಾಡಬೇಕು. ಹಳೆಯ ಟೊಳ್ಳು ರೀಪಿಗೆ ಬಿಗಿದ ಸ್ಕ್ರೂ ಮುಂಗಾರಿಗೆ ಮುಂಚಿನ ಒಂದೇ ಬಿರುಗಾಳಿಗೆ ಕಿತ್ತು ಬರುತ್ತದೆ. ಸೆಕೆ ತಾಳದೆ ಮುಂದೆ ಹಾಕಿಸುವ ಒಳಮುಚ್ಚಿಗೆಯ ಖರ್ಚು ಯಾವ ಅಂದಾಜಿನಲ್ಲೂ ಇರುವುದಿಲ್ಲ. ಸಿಮೆಂಟ್ ಶೀಟೆಂದು ಕರೆಯುವ ಕಲ್ನಾರಿನ ಶೀಟಂತೂ ಅಗ್ಗವಾಗಿ ಕಾಣುವುದು ಹಾಕುವಾಗ ಮಾತ್ರ. ಕಲ್ನಾರಿನ ಎಲ್ಲ ಬಗೆಗಳೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಮೇಲೂ ನಮ್ಮಲ್ಲಿ ಅದನ್ನು ಸುತ್ತಿಗೆಯಿಂದ ಒಡೆದೇ ಇಳಿಸುತ್ತಾರೆ. ಆ ದೂಳಿನ ಬೆಲೆಯನ್ನು ತೆರುವವನು ಇಳಿಸುವ ಕೂಲಿಯವನು.

ಚದರಡಿ ದರದಲ್ಲಿರುವ ಕುರುಡು ಸರ್ಕಾರದ ಪರಿಹಾರದಲ್ಲೂ ಇದೆ. ವಿಪತ್ತು ಪರಿಹಾರ ನಿಧಿಗೆ ಕೇಂದ್ರವು 2022ರಿಂದ 2026ರ ಅವಧಿಗೆ ಗೊತ್ತುಪಡಿಸಿದ ಮಾನದಂಡದ ಪ್ರಕಾರ ಪಕ್ಕಾ ಮನೆಗೆ ಕನಿಷ್ಠ ಶೇ 15ರಷ್ಟು ಹಾನಿಯಾದರೆ ನಿಗದಿಯಾಗಿದ್ದುದು 6,500 ರೂಪಾಯಿ. ಮೂವರು ಮಾಡಿನ ಮೇಲೆ ವಾರ ಕೆಲಸ ಮಾಡಿದರೆ ಕೂಲಿಗೇ ಅದು ಸಾಲದು. 2019ರ ನೆರೆಯ ನಂತರ ಕರ್ನಾಟಕ ತನ್ನ ಬೊಕ್ಕಸದಿಂದ ಸೇರಿಸಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಕೊಟ್ಟದ್ದು ದೊಡ್ಡ ಹೆಜ್ಜೆಯೇ. ಆದರೆ ಗೋಡೆ ನಿಂತು ಮಾಡಷ್ಟೇ ಹಾರಿದ ಮನೆ ಶೇಕಡಾವಾರಿನಲ್ಲಿ ಸಣ್ಣ ಹಾನಿಯಾಗಿ, ಖರ್ಚಿನಲ್ಲಿ ದೊಡ್ಡ ಹಾನಿಯಾಗಿ ಉಳಿಯುತ್ತದೆ. ಒಂದೇ ಮೊತ್ತ ನಿಗದಿಯಾಗಿದ್ದರೆ ಅಧಿಕಾರಿಯ ಕೈಯಲ್ಲಿ ವಿವೇಚನೆ ಉಳಿಯುವುದಿಲ್ಲ, ಲಂಚಕ್ಕೂ ದಾರಿಯಿಲ್ಲ ಎಂಬ ಸಮರ್ಥನೆಯಿದೆ. ಶೇ 14 ಮತ್ತು ಶೇ 15ರ ನಡುವಿನ ಗೆರೆ ಎಳೆಯುವುದೂ ವಿವೇಚನೆಯೇ, ಅಲ್ಲಿ ಅಳತೆಪಟ್ಟಿ ಹಿಡಿಯಲೂ ಬರುವುದಿಲ್ಲ. ಮಾಡಿನ ಉದ್ದಗಲ, ಇಳಿಜಾರು, ಕೆಟ್ಟ ಪಕ್ಕಾಸುಗಳ ಸಂಖ್ಯೆ ಮೂರನ್ನೂ ಮನೆಯವರ ಎದುರಿಗೇ ಅಳೆದು, ಎಣಿಸಿ ಬರೆಯಬಹುದು. ಹಾನಿಯ ಪಟ್ಟಿಗೆ ಆ ಮೂರು ಕಾಲಂ ಸೇರಿಸಲು ಹೊಸ ಇಲಾಖೆಯೇನೂ ಬೇಕಿಲ್ಲ.