ಅಪಾಯದ ಗಂಟೆ ಯಾವಾಗ ಬಾರಿಸಬೇಕು?

ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ಐದು ಗ್ರಾಮಗಳ ಸುಮಾರು 13,000 ಎಕರೆ ಭೂಮಿಯನ್ನು ರೈತರಿಂದ ಗುತ್ತಿಗೆಗೆ ಪಡೆದು ಕಟ್ಟಿದ ಸೌರ ವಿದ್ಯುತ್ ಸ್ಥಾವರದ ಸಾಮರ್ಥ್ಯ 2,050 ಮೆಗಾವಾಟ್. 2018ರ ಮಾರ್ಚಿಯಲ್ಲಿ ಉದ್ಘಾಟನೆಯಾಗಿ 2019ರ ಕೊನೆಗೆ ಪೂರ್ಣಗೊಂಡ ಇದನ್ನು ಹೊಗಳಲು ಬೇಕಾದಷ್ಟು ಮಂದಿ ಇದ್ದಾರೆ. ನಮ್ಮ ಪ್ರಶ್ನೆ ಬೇರೆ. ಈ ವಿದ್ಯುತ್ತು ಹೋಗಿ ಸೇರುವ ಜಾಲದ ಮೇಲೆ ಹೊರೆ ಹೆಚ್ಚಿದಾಗ ಎಚ್ಚರಿಕೆಯ ಗಂಟೆ ಯಾವಾಗ ಬಾರಿಸಬೇಕು? ಬಾರಿಸಿದ ಮೇಲೆ ಕತ್ತಲೆ ಯಾರ ಪಾಲಿಗೆ?

ದೇಶದ ವಿದ್ಯುತ್ ಜಾಲದ ನಾಡಿ ಸೆಕೆಂಡಿಗೆ 50 ಸಲ ಬಡಿಯುತ್ತದೆ. ಬೇಡಿಕೆ ಉತ್ಪಾದನೆಯನ್ನು ಮೀರಿದರೆ ನಾಡಿ ಇಳಿಯುತ್ತದೆ, ಉತ್ಪಾದನೆ ಹೆಚ್ಚಾದರೆ ಏರುತ್ತದೆ. ಅದು 49.90ರಿಂದ 50.05ರೊಳಗೆ ಇರಬೇಕೆಂಬುದು ನಿಯಮ. ತೀರ ಕೆಳಗಿಳಿದರೆ ಯಂತ್ರವೇ ಕೆಲವು ಫೀಡರುಗಳನ್ನು ಕಡಿದುಹಾಕುತ್ತದೆ.

ಗಿರಣಿಯ ಕಾರ್ಮಿಕನಿಗೆ ಇದು ಹೊಸದಲ್ಲ. ಬಾಯ್ಲರಿನ ಕೆಂಪು ಗೆರೆಯನ್ನು ತೀರ ಕೆಳಗೆ ಎಳೆದರೆ ಗಂಟೆ ದಿನವಿಡೀ ಬಾರಿಸುತ್ತದೆ, ಹುಲಿ ಬಂತು ಹುಲಿ ಎಂದು ಕೂಗಿದ ಹುಡುಗನ ಮಾತಿನಂತೆ ಅದನ್ನು ಯಾರೂ ಕೇಳುವುದಿಲ್ಲ. ತೀರ ಮೇಲೆ ಎಳೆದರೆ ಗಂಟೆಗಿಂತ ಮೊದಲು ಬಾಯ್ಲರೇ ಸಿಡಿಯುತ್ತದೆ. ಆದುದರಿಂದ ಗೆರೆ ಎರಡು ಬೇಕು: ಒಂದು ಯೋಚಿಸಲು, ಇನ್ನೊಂದು ಕೈಹಾಕಲು. ಗೆರೆಗೆ ಹೊತ್ತಿನ ಅರಿವೂ ಬೇಕು. ತಿರುಮಣಿಯಲ್ಲಿ ರಾತ್ರಿ ಎಂಟಕ್ಕೆ ಉತ್ಪಾದನೆ ಸೊನ್ನೆಯಾದರೆ ಅದು ಪ್ರಕೃತಿ. ಮಧ್ಯಾಹ್ನ ಹನ್ನೆರಡಕ್ಕೆ ಸೊನ್ನೆಯಾದರೆ ಅದು ಅಪಾಯ. ಅಂಗಡಿಯವನೂ ಹಬ್ಬದ ವಾರದಲ್ಲಿ ಸಕ್ಕರೆ ಮೂಟೆ ಅರ್ಧವಾಗುತ್ತಲೇ ಹೊಸದಕ್ಕೆ ಹೇಳಿಕಳಿಸುತ್ತಾನೆ. ಉಳಿದ ದಿನ ತಳ ಕಾಣುವವರೆಗೆ ಕಾಯುತ್ತಾನೆ.

ಆದರೆ ಗೆರೆ ಎಳೆದರಷ್ಟೇ ಸಾಲದು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಜಾಲ ಕುಸಿಯಿತು. ಎರಡನೆಯ ದಿನ ಪೂರ್ವ ಮತ್ತು ಈಶಾನ್ಯ ಭಾಗಗಳೂ ಕತ್ತಲಾಗಿ, 60 ಕೋಟಿಗೂ ಹೆಚ್ಚು ಜನರ ನಾಡು ಸ್ತಬ್ಧವಾಯಿತು. ಪಾಲಿಗೆ ಮೀರಿ ಸೆಳೆಯಬೇಡಿರೆಂಬ ಸೂಚನೆ ಮೊದಲೇ ಹೋಗಿತ್ತು. ರಾಜ್ಯಗಳ ಕೇಂದ್ರಗಳು ತಕ್ಕಂತೆ ನಡೆಯಲಿಲ್ಲವೆಂದು ತನಿಖಾ ಸಮಿತಿ ಹೇಳಿತು. ಗಂಟೆ ಬಾರಿಸಿತ್ತು, ಕೇಳುವ ಕಿವಿ ಇರಲಿಲ್ಲ. ಅಂದು ದಕ್ಷಿಣದ ಜಾಲ ಬೇರೆಯಾಗಿದ್ದುದರಿಂದ ನಾವು ಪಾರಾದೆವು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗ ಎರಡನ್ನೂ ಬೆಸೆದ ಮೇಲೆ ಆ ರಕ್ಷಣೆಯೂ ಇಲ್ಲ.

ಆದುದರಿಂದ ನಮ್ಮ ಬೇಡಿಕೆ ಮೂರು. ಗಂಟೆ ಬಾರಿಸಿದಾಗ ಪಾಳಿಯಲ್ಲಿರುವ ನೌಕರನಿಗೆ ಮೇಲಿನವರ ಫೋನಿಗೆ ಕಾಯದೆ ಕ್ರಮ ಕೈಗೊಳ್ಳುವ ಅಧಿಕಾರವಿರಲಿ. ಮೊದಲು ಕಡಿಯುವ ಫೀಡರುಗಳ ಪಟ್ಟಿ ಪ್ರತಿ ಪಂಚಾಯಿತಿಯ ಗೋಡೆಯ ಮೇಲಿರಲಿ. ಕತ್ತಲೆಯ ಸರದಿ ಬಂಗಲೆಗೂ ಗುಡಿಸಿಲಿಗೂ ಸಮನಾಗಿ ಬರಲಿ.

ಗೆರೆ ಎಳೆಯುವುದು ಇಂಜಿನಿಯರನ ಕೆಲಸ. ಅದರ ಕೆಳಗೆ ಯಾರು ನಿಲ್ಲಬೇಕೆಂಬುದು ಜನರೆಲ್ಲರ ವಿಷಯ.