ಒಲ್ಲೆನೆನ್ನುವ ಅಧಿಕಾರ ಯಾರದು?

ಅಮೆರಿಕದ ಟೆಕ್ಸಾಸ್ ರಾಜ್ಯದ ಶಾಸನಸಭೆ 2015ರಲ್ಲಿ ಅಂಗೀಕರಿಸಿದ ಕಾನೂನು, ಪರವಾನಗಿ ಪಡೆದವರು ಸರ್ಕಾರಿ ವಿಶ್ವವಿದ್ಯಾಲಯಗಳ ಕಟ್ಟಡಗಳೊಳಗೂ ಕೈಬಂದೂಕನ್ನು ಮರೆಮಾಡಿ ಒಯ್ಯಲು ಅನುಮತಿ ನೀಡಿತು. ಅದು ಜಾರಿಗೆ ಬಂದದ್ದು 2016ರ ಆಗಸ್ಟ್ 1ರಂದು. ಸರಿಯಾಗಿ 50 ವರ್ಷಗಳ ಹಿಂದೆ ಅದೇ ದಿನ, ಆಸ್ಟಿನ್ ನಗರದ ವಿಶ್ವವಿದ್ಯಾಲಯದ ಗೋಪುರವನ್ನೇರಿ ಕುಳಿತವನೊಬ್ಬ ಕಂಡಕಂಡವರಿಗೆ ಗುಂಡಿಕ್ಕಿದ್ದ. ದಿನದ ಹೊಂದಿಕೆ ಕಾಕತಾಳೀಯವಿರಬಹುದು; ಕಾನೂನಿನ ತರ್ಕದೋಷ ಕಾಕತಾಳೀಯವಲ್ಲ.

ಸರ್ಕಾರದ ಆಸ್ತಿ ಜನರ ಆಸ್ತಿ, ಆದುದರಿಂದ ಪ್ರಜೆಯ ಹಕ್ಕು ಅದರ ಹೊಸ್ತಿಲಲ್ಲಿ ನಿಲ್ಲಬಾರದು ಎಂಬುದು ಸಮರ್ಥಕರ ವಾದ. ಆದರೆ ಇದೇ ಕಾನೂನಿನಂತೆ ಖಾಸಗಿ ವಿಶ್ವವಿದ್ಯಾಲಯ ಬಂದೂಕನ್ನು ಪೂರ್ಣವಾಗಿ ನಿಷೇಧಿಸಬಹುದು. ಸರ್ಕಾರಿ ವಿಶ್ವವಿದ್ಯಾಲಯ ಕೆಲವು ಸ್ಥಳಗಳನ್ನು ಹೊರತುಪಡಿಸಬಹುದೇ ವಿನಾ ಒಟ್ಟಾರೆ ನಿಷೇಧಿಸುವಂತಿಲ್ಲ. ಖಾಸಗಿ ಒಡೆಯನಿಗಿರುವ ‘ಒಲ್ಲೆ’ ಎನ್ನುವ ಅಧಿಕಾರ ಸಾರ್ವಜನಿಕ ಸಂಸ್ಥೆಗಿಲ್ಲವೆಂದರೆ, ಜನರೇ ಒಡೆಯರೆಂಬ ಮಾತಿಗೆ ಅರ್ಥವೇನು? ಜನಪ್ರತಿನಿಧಿಗಳೇ ಒಪ್ಪಿದ್ದಾರಲ್ಲ ಎನ್ನಬಹುದು. ಒಪ್ಪಿದವರು ಆ ತರಗತಿಗಳಲ್ಲಿ ಪಾಠ ಹೇಳುವವರಲ್ಲ, ಕೇಳುವವರೂ ಅಲ್ಲ.

ಸಂವಿಧಾನವೂ ಇದನ್ನು ಬಲವಂತಪಡಿಸಿರಲಿಲ್ಲ. ಬಂದೂಕು ಹೊಂದುವ ವೈಯಕ್ತಿಕ ಹಕ್ಕನ್ನು 2008ರ ಹೆಲ್ಲರ್ ತೀರ್ಪಿನಲ್ಲಿ ಎತ್ತಿಹಿಡಿದ ಸುಪ್ರೀಂ ಕೋರ್ಟ್, ಶಾಲೆ ಮತ್ತು ಸರ್ಕಾರಿ ಕಟ್ಟಡಗಳಂತಹ ಸೂಕ್ಷ್ಮ ಸ್ಥಳಗಳಲ್ಲಿನ ನಿಷೇಧವನ್ನು ಪ್ರಶ್ನಿಸಲಿಲ್ಲ. ಆ ಹಕ್ಕನ್ನು ಮನೆಯ ಹೊರಗೂ ವಿಸ್ತರಿಸಿದ 2022ರ ಬ್ರೂಯೆನ್ ತೀರ್ಪು ಕೂಡ ಶಾಸನಸಭೆ, ಮತಗಟ್ಟೆ, ನ್ಯಾಯಾಲಯಗಳನ್ನು ಅಂತಹ ಸ್ಥಳಗಳೆಂದೇ ಗುರುತಿಸಿತು. ಇವೆಲ್ಲ ಭಿನ್ನಾಭಿಪ್ರಾಯವು ನಿರ್ಭಯವಾಗಿ ಪ್ರಕಟವಾಗಬೇಕಾದ ತಾಣಗಳು. ತರಗತಿ ಇವುಗಳಿಂದ ಹೇಗೆ ಬೇರೆ?

ಬಂದೂಕಿನ ಭೀತಿಯಿಂದ ತರಗತಿಯ ಚರ್ಚೆ ಮುದುಡುತ್ತದೆಂದು ಆಸ್ಟಿನ್ನಿನ ಮೂವರು ಪ್ರಾಧ್ಯಾಪಕಿಯರು ಮೊಕದ್ದಮೆ ಹೂಡಿದರು. ಮೇಲ್ಮನವಿ ನ್ಯಾಯಾಲಯ 2018ರಲ್ಲಿ ಅದನ್ನು ತಳ್ಳಿಹಾಕಿತು. ಅವರು ಹೇಳಿದ ಹಾನಿ ಅದಕ್ಕೆ ಕೇವಲ ಊಹೆಯಾಗಿ ತೋರಿತು. ಹಾರಿದ ಗುಂಡಿಗೆ ಸಾಕ್ಷ್ಯ ಸಿಗುತ್ತದೆ. ಆಡದೆ ನುಂಗಿಕೊಂಡ ಮಾತಿಗೆ ಸಾಕ್ಷ್ಯವನ್ನು ಎಲ್ಲಿಂದ ತರುವುದು?

ಜೈನ ಶ್ರಾವಕಧರ್ಮ ಆತ್ಮರಕ್ಷಣೆಯ ವಿರೋಧಿಯಲ್ಲ. ಗೃಹಸ್ಥನಿಗೆ ‘ವಿರೋಧಿ ಹಿಂಸೆ’ ಅನಿವಾರ್ಯವಾಗಬಹುದೆಂಬುದನ್ನು ಅದು ಬಲ್ಲದು. ಬೆಳ್ಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ಸೇನಾನಿಯೇ ಆಗಿದ್ದ. ಆದರೂ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಕೊಡಲಿ, ಕತ್ತಿಗಳಂತಹ ಉಪಕರಣಗಳನ್ನು ಒದಗಿಸುವುದನ್ನು ‘ಹಿಂಸಾದಾನ’ವೆಂದು ಕರೆದು ಅನರ್ಥದಂಡಗಳ ಸಾಲಿಗೆ ಸೇರಿಸಿತು. ಹೊಣೆ ಬಳಸಿದವನದು ಮಾತ್ರವಲ್ಲ, ಒದಗಿಸಿದವನದೂ ಹೌದು. ಪರವಾನಗಿದಾರ ಸಜ್ಜನನೆಂದು ಪದೇ ಪದೇ ಸಾರುವ ವಾದವು ಈ ಎರಡನೆಯ ಹೊಣೆಯ ಬಳಿ ಸುಳಿಯುವುದೇ ಇಲ್ಲ.

ರಾಜ್ಯವು ಬಂದೂಕನ್ನು ಯಾರ ಕೈಗೂ ಕೊಡಲಿಲ್ಲ, ನಿಜ. ಬಾಗಿಲು ಮುಚ್ಚುವ ಅಧಿಕಾರವನ್ನು ವಿಶ್ವವಿದ್ಯಾಲಯದಿಂದ ಕಸಿದುಕೊಂಡು ಅದಕ್ಕೆ ದಾರಿ ಬಿಟ್ಟಿತು. ಆ ಅಧಿಕಾರವನ್ನು ಮರಳಿಸುವವರೆಗೆ ಈ ಕಾನೂನು ಸ್ವಾತಂತ್ರ್ಯದ ಹೆಸರನ್ನು ಹೇಳಿಕೊಳ್ಳಲು ಅರ್ಹವಲ್ಲ.