ಗಣಕಯಂತ್ರವೂ ಜನ್ಮದಿನವೂ

ಕಾಲವು ಅಮೂಲ್ಯವೆಂಬ ಮಾತನ್ನು ನಾವೆಲ್ಲರೂ ಬಾಲ್ಯದಿಂದ ಕೇಳಿರುವೆವು. ಅದನ್ನು ಬರೆದಿಡುವುದರಲ್ಲಿಯೂ ವಿವೇಕವು ಬೇಕೆಂಬುದನ್ನು ಮಾತ್ರ ಮರೆಯುವವರೇ ಹೆಚ್ಚು. ನಮ್ಮ ಹೆಣ್ಣುಮಕ್ಕಳಲ್ಲಿ ಅನೇಕರು ಈಗ ಗಣಕಯಂತ್ರಕ್ಕೆ ಪ್ರೋಗ್ರಾಮುಗಳನ್ನು ಬರೆಯುವ ಉದ್ಯೋಗದಲ್ಲಿರುವುದರಿಂದ ಈ ವಿಷಯವನ್ನು ಇಲ್ಲಿ ಪ್ರಸ್ತಾಪಿಸುವುದು ಅನುಚಿತವಾಗಲಾರದು.

ಕ್ಷಣವು ಬೇರೆ, ತಾರೀಖು ಬೇರೆ. ಬ್ಯಾಂಕಿನಲ್ಲಿ ಹಣವು ಸಂದಾಯವಾದದ್ದು ಒಂದು ಕ್ಷಣ. ಅದು ಲೋಕಕ್ಕೆಲ್ಲ ಒಂದೇ. ಇಂಥ ಕ್ಷಣವನ್ನು ಯಂತ್ರಗಳು ಸಾಮಾನ್ಯವಾಗಿ ವಿಶ್ವಕಾಲದ ೧೯೭೦ನೆಯ ಇಸವಿ ಜನವರಿ ೧ರ ಆರಂಭದಿಂದ ಕಳೆದ ಸೆಕೆಂಡುಗಳಾಗಿ ಎಣಿಸುತ್ತವೆ. ಜನ್ಮದಿನವಾದರೋ ಕ್ಷಣವಲ್ಲ, ಕ್ಯಾಲೆಂಡರಿನ ಒಂದು ದಿನ. ಈ ಭೇದವನ್ನರಿಯದೆ, ಜೂನ್ ೧೦ರಂದು ಹುಟ್ಟಿದ ಬಾಲಿಕೆಯ ಜನ್ಮದಿನವನ್ನು ಅಂದಿನ ಭಾರತದ ಮಧ್ಯರಾತ್ರಿಯ ಕ್ಷಣವೆಂದು ಬರೆದಿಟ್ಟರೆ ಏನಾಗುವುದು? ನಮ್ಮ ಮಧ್ಯರಾತ್ರಿಯು ವಿಶ್ವಕಾಲದಲ್ಲಿ ಹಿಂದಿನ ಸಂಜೆಯ ಆರೂವರೆ ಗಂಟೆ. ಆ ಕಾಲವನ್ನನುಸರಿಸುವ ಮತ್ತೊಂದು ಯಂತ್ರವು ಅದನ್ನು ಓದಿ ಜೂನ್ ೯ ಎಂದು ಮುದ್ರಿಸುವುದು. ಶಾಲೆಯ ರಿಜಿಸ್ಟರಿನಲ್ಲಿ ಒಂದು ತಾರೀಖು, ಅರ್ಜಿಯಲ್ಲಿ ಇನ್ನೊಂದು! ಇದಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯಬೇಕಾದವರು ತಪ್ಪು ಮಾಡಿದವರಲ್ಲ, ಆ ಬಾಲಿಕೆಯೂ ಅವಳ ತಂದೆತಾಯಿಗಳೂ.

"ಐದೂವರೆ ಗಂಟೆಗಳನ್ನು ಕೂಡಿಸಿದರೆ ಸರಿಹೋಗುವುದಷ್ಟೆ" ಎಂದು ಕೆಲವರು ಹೇಳಬಹುದು. ಈ ಉಪಾಯವೂ ಎಲ್ಲ ಕಾಲಕ್ಕೂ ನಿಲ್ಲದು. ಎರಡನೆಯ ಮಹಾಯುದ್ಧದ ನಿಮಿತ್ತ ೧೯೪೨ರ ಸೆಪ್ಟೆಂಬರಿನಿಂದ ೧೯೪೫ರ ಅಕ್ಟೋಬರಿನವರೆಗೆ ಭಾರತದ ಗಡಿಯಾರಗಳು ವಿಶ್ವಕಾಲಕ್ಕಿಂತ ಆರೂವರೆ ಗಂಟೆ ಮುಂದೆ ನಡೆದವು. ೧೯೪೩ರಲ್ಲಿ ಜನಿಸಿದ ಅಜ್ಜಿಯವರ ಜನ್ಮದಿನವನ್ನು ಅಂದಿನ ಗಡಿಯಾರದಂತೆ ಮಧ್ಯರಾತ್ರಿಯ ಕ್ಷಣವಾಗಿ ಬರೆದು, ಇಂದಿನ ಐದೂವರೆಯನ್ನು ಕೂಡಿಸಿ ಓದಿದರೆ, ಹಿಂದಿನ ದಿನದ ರಾತ್ರಿ ಹನ್ನೊಂದು ಗಂಟೆಯೆಂದೇ ಬರುವುದು.

ಆದಕಾರಣ ನಮ್ಮ ಅಭಿಪ್ರಾಯವಿಷ್ಟು: ನಡೆದುಹೋದ ಘಟನೆಯ ಕ್ಷಣವನ್ನು ವಿಶ್ವಕಾಲದಲ್ಲಿ ಬರೆಯತಕ್ಕದ್ದು. ಮುಂದೆ ನಡೆಯಬೇಕಾದ ಸಭೆಯ ವೇಳೆಯನ್ನು ಆ ಊರಿನ ಗಡಿಯಾರದಂತೆ, ಊರಿನ ಹೆಸರಿನೊಡನೆ ಬರೆಯತಕ್ಕದ್ದು. ಏಕೆಂದರೆ ಗಡಿಯಾರದ ನಿಯಮವನ್ನು ಸರಕಾರಗಳು ನಡುವೆ ಬದಲಾಯಿಸುವುದುಂಟು. ಜನ್ಮದಿನವನ್ನಾದರೋ ವರ್ಷ, ತಿಂಗಳು, ದಿನ ಎಂಬ ಮೂರೇ ಅಂಕಗಳಲ್ಲಿಟ್ಟು, ಅದಕ್ಕೆ ಗಂಟೆಯನ್ನು ಅಂಟಿಸಲೇಕೂಡದು.

ಇದು ಅಲ್ಪವಿಷಯವೆಂದು ಯಾರೂ ಉದಾಸೀನ ಮಾಡದಿರಲಿ. ಯಂತ್ರವು ತಾನಾಗಿ ಸುಳ್ಳಾಡದು. ನಾವು ಕೇಳದೆ ಇದ್ದ ಪ್ರಶ್ನೆಗೂ ಉತ್ತರವನ್ನು ಕೊಟ್ಟುಬಿಡುವುದು. ಪ್ರಿಯ ಸಹೋದರಿಯರೇ, ಪರರ ಜೀವನದ ತಾರೀಖುಗಳು ನಿಮ್ಮ ಕೈಗೆ ಬಂದಾಗ "ಇದು ಕ್ಷಣವೋ, ದಿನವೋ?" ಎಂದು ಮೊದಲು ಕೇಳಿಕೊಳ್ಳಿರಿ.